ಹನ್ನೆರಡು ಹೆಸರುಗಳ ಒಂದು ಪಟ್ಟಿ

ಬಲಿಪೂಜೆಯ ಕೋರಿಕೆಗಳನ್ನು ಬರೆದಿಡುವ ಪುಸ್ತಕದಲ್ಲಿ ಸಾಮಾನ್ಯವಾಗಿ ಕಾಣಸಿಗುವುದು ಮೃತರ ಆತ್ಮಶಾಂತಿ, ವಿವಾಹದ ವಾರ್ಷಿಕೋತ್ಸವ, ಮಕ್ಕಳ ಪರೀಕ್ಷೆ, ವೀಸಾ ದೊರೆತುದಕ್ಕೆ ಕೃತಜ್ಞತೆ ಇಂಥವು. 2025ರ ಆಗಸ್ಟ್ 15ರಂದು, ಮಾತೆ ಮರಿಯಮ್ಮನವರ ಸ್ವರ್ಗಾರೋಹಣದ ಹಬ್ಬದ ಸಂಜೆಯ ಪೂಜೆಗಾಗಿ ನಮ್ಮ ಧರ್ಮಕೇಂದ್ರದ ಗುರಿಕಾರರೊಬ್ಬರು ಬರೆಸಿದ ಕೋರಿಕೆ ಈ ಸಾಲಿಗೆ ಸೇರುವಂಥದ್ದಾಗಿರಲಿಲ್ಲ. ಫುಟ್‌ಬಾಲ್ ಬಳಗವೊಂದರಲ್ಲಿ ಅವರಿಗದು ಇಪ್ಪತ್ತನೆಯ ವರ್ಷ. ಬಳಗದ ಹನ್ನೆರಡು ಮಂದಿಗಾಗಿ ಪ್ರಾರ್ಥನೆ. ಅವರಲ್ಲಿ ಒಬ್ಬರು ಈಗಿಲ್ಲ. ಇಷ್ಟೇ ಒಕ್ಕಣೆ. ಲೇಖನಿ ಹಿಡಿದ ನನ್ನ ಕೈ ಒಂದು ಗಳಿಗೆ ತಡೆಯಿತು. ಆ ಬಳಗದ ಬಗ್ಗೆ ಹಿಂದೊಮ್ಮೆ ನಾನು ಆಡಬಾರದ ಮಾತನ್ನಾಡಿದ್ದೆ.

ಓದುಗರಲ್ಲಿ ಹಿರಿಯರಾದವರಿಗೆ ಈ ಆಟದ ಪರಿಚಯವಿರಲಾರದು. ಇಲ್ಲಿ ಚೆಂಡೂ ಇಲ್ಲ, ಮೈದಾನವೂ ಇಲ್ಲ. ಇಂಗ್ಲೆಂಡಿನ ಪ್ರೀಮಿಯರ್ ಲೀಗಿನಲ್ಲಿ ನಿಜವಾಗಿ ಆಡುವ ಆಟಗಾರರಲ್ಲಿ ಹದಿನೈದು ಮಂದಿಯನ್ನು ನಾವು ಮನೆಯಲ್ಲೇ ಕುಳಿತು ಆರಿಸಿಕೊಳ್ಳಬೇಕು. ಎಲ್ಲರಿಗೂ ಒಂದೇ ಬಂಡವಾಳ: 100 ಮಿಲಿಯ ಪೌಂಡು, ಅದೂ ಕಾಲ್ಪನಿಕ. ಒಂದೇ ಕ್ಲಬ್ಬಿನಿಂದ ಮೂವರಿಗಿಂತ ಹೆಚ್ಚು ಮಂದಿಯನ್ನು ಕೊಳ್ಳುವಂತಿಲ್ಲ. ನಮ್ಮವನು ಗೋಲು ಹೊಡೆದರೆ ನಮಗೆ ಅಂಕ, ಕೆಂಪು ಕಾರ್ಡು ಪಡೆದರೆ ನಮಗೂ ದಂಡ, ನಾಯಕನೆಂದು ಗುರುತಿಸಿದವನ ಅಂಕ ಇಮ್ಮಡಿ. 38 ಸುತ್ತುಗಳ ಕೊನೆಗೆ ಲೆಕ್ಕ. ಪ್ರೀಮಿಯರ್ ಲೀಗ್ ತಾನೇ 2002ರಿಂದ ಉಚಿತವಾಗಿ ನಡೆಸುತ್ತಿರುವ ಈ ಆಟದಲ್ಲಿ ಇಂದು ಜಗತ್ತಿನಾದ್ಯಂತ ಒಂದು ಕೋಟಿಗೂ ಮಿಕ್ಕಿ ಜನರಿದ್ದಾರೆ. ಆ ಜನಸಾಗರದೊಳಗೆ ಪರಿಚಿತರು ತಮ್ಮದೇ ಸಣ್ಣ ಬಳಗವನ್ನು ಕಟ್ಟಿಕೊಂಡು ಪರಸ್ಪರ ಸ್ಪರ್ಧಿಸಬಹುದು.

ಇದರ ಮೂಲ ಅಮೆರಿಕದ್ದು, ಮೊಟ್ಟೆಯಾಕಾರದ ಚೆಂಡಿನ ಆ ಇನ್ನೊಂದು ಫುಟ್‌ಬಾಲಿನದ್ದು. ಓಕ್‌ಲೆಂಡ್ ರೈಡರ್ಸ್ ತಂಡದ ಪಾಲುದಾರರಲ್ಲಿ ಒಬ್ಬರಾಗಿದ್ದ ಬಿಲ್ ವಿಂಕನ್‌ಬ್ಯಾಕ್ ಎಂಬವರು 1962ರಲ್ಲಿ ನ್ಯೂಯಾರ್ಕಿನ ಹೋಟೆಲೊಂದರಲ್ಲಿ ಗೆಳೆಯರೊಡನೆ ಕುಳಿತು ಇದರ ನಿಯಮಗಳನ್ನು ರೂಪಿಸಿದರು. ಮರುವರ್ಷ ಓಕ್‌ಲೆಂಡಿನಲ್ಲಿ ಎಂಟು ತಂಡಗಳೊಡನೆ ಆಟ ಆರಂಭವಾಯಿತು. ಕೊನೆಯ ಸ್ಥಾನ ಪಡೆದವನಿಗೆ ಗೇಲಿಯ ಪಾರಿತೋಷಕವೊಂದನ್ನು ಕೊಡುವ ರೂಢಿಯೂ ಅವರಲ್ಲಿತ್ತು.

ನಮ್ಮ ಗುರಿಕಾರರ ಬಳಗದ್ದೂ ಇಂಥದ್ದೇ ರೂಢಿ. ಕಡೆಯವನಾದವನು ರಜೆಯಲ್ಲಿ ಊರಿಗೆ ಬಂದಾಗ ಉಳಿದವರಿಗೆ ಸಣ್ಣ ಮತ್ತು ಹಂದಿಮಾಂಸದ ಊಟ ಹಾಕಬೇಕು. ಈ ಹನ್ನೆರಡು ಮಂದಿ ಒಂದು ಕಾಲದಲ್ಲಿ ಚರ್ಚಿನ ಮೈದಾನದಲ್ಲಿ ನಿಜವಾದ ಚೆಂಡನ್ನೇ ಒದ್ದವರು. ಬಳಿಕ ಒಬ್ಬೊಬ್ಬರಾಗಿ ಕುವೈತ್, ಬಹ್ರೇನ್, ಮುಂಬೈ, ಐರ್ಲೆಂಡ್ ಸೇರಿದರು. ಗುರಿಕಾರರು ಕುವೈತಿನಲ್ಲಿ ವಿದ್ಯುತ್ ಕೆಲಸಗಾರರಾಗಿದ್ದಾಗ, 2006ರಲ್ಲಿ, ಈ ಬಳಗ ಕಟ್ಟಿದರು. ಆರು ಮಂದಿ ಮಲಗುವ ಕೋಣೆಯಲ್ಲಿ ಶುಕ್ರವಾರದ ರಜೆಯನ್ನು ಕಳೆಯುವುದು ಹೇಗೆಂಬುದು ಅಂದಿನ ಪ್ರಶ್ನೆಯಾಗಿತ್ತಂತೆ.

ಇನ್ನು ನನ್ನ ಮಾತಿನ ವಿಚಾರ. 2019ರ ತಪಸ್ಸುಕಾಲದ ಒಂದು ಭಾನುವಾರ, ಮೊಬೈಲಿನಲ್ಲಿ ಹಣ ಕಟ್ಟಿ ಆಡುವ ಆಟಗಳ ವಿರುದ್ಧ ನಾನು ಕಟುವಾಗಿ ಪ್ರಬೋಧಿಸಿದ್ದೆ. ಅದಕ್ಕೆ ಕಾರಣವಿತ್ತು, ಸಾಲದ ಹಣ ಕಳೆದುಕೊಂಡ ಯುವಕನೊಬ್ಬನ ತಾಯಿ ಆ ವಾರವಷ್ಟೇ ನನ್ನ ಮುಂದೆ ಕುಳಿತು ಅತ್ತಿದ್ದರು. ಹಣ ಕಟ್ಟಿ ಆಡುವ ಅಂಥ ಆಟಗಳನ್ನು ಸಂಸತ್ತು 2025ರ ಆಗಸ್ಟಿನಲ್ಲಿ ಕಾನೂನಿನ ಮೂಲಕವೇ ನಿಷೇಧಿಸಿತು. ಆ ಮಟ್ಟಿಗೆ ನನ್ನ ಮಾತನ್ನು ನಾನು ಹಿಂದೆಗೆದುಕೊಳ್ಳಲಾರೆ. ಆದರೆ ಪೂಜೆ ಮುಗಿದ ಬಳಿಕ ಗುರಿಕಾರರು ಬಂದು, "ಫಾದರ್, ನಮ್ಮದರಲ್ಲಿ ಹಣವಿಲ್ಲ" ಎಂದಾಗ, "ಹಣವಿಲ್ಲದಿದ್ದರೇನು, ದೇವರು ಕೊಟ್ಟ ಸಮಯವಿಲ್ಲವೇ? ಯಾರೋ ಆಡುವ ಆಟಕ್ಕೆ ನೀವು ಲೆಕ್ಕ ಬರೆಯುವುದು ಎಂಥ ಹುಡುಗಾಟಿಕೆ" ಎಂದು ಬಿಟ್ಟೆ. ಅವರು ಎದುರು ಮಾತನಾಡಲಿಲ್ಲ. ಮರುವಾರ ಎಂದಿನಂತೆ ವಾರ್ಡಿನ ವಂತಿಗೆ ತಂದೊಪ್ಪಿಸಿದರು.

2021ರ ಏಪ್ರಿಲಿನಲ್ಲಿ ಬಳಗದ ಒಬ್ಬರು ಕುವೈತಿನಲ್ಲಿ ಕೋವಿಡಿನಿಂದ ತೀರಿಕೊಂಡರು. ದೇಹ ಊರಿಗೆ ಬರಲಿಲ್ಲ, ಅಲ್ಲೇ ಮಣ್ಣಾಯಿತು. ಪತ್ನಿ ಮತ್ತು ಹದಿಮೂರರ ಮಗ ಇಲ್ಲಿ ಚರ್ಚಿನಲ್ಲಿ ಬರಿದಾದ ಪೀಠದೆದುರು ಕುಳಿತಿದ್ದರು. ಆ ಮನೆಗೆ ಭೇಟಿಯಿತ್ತಾಗ ಗುರಿಕಾರರು ತಮ್ಮ ಫೋನನ್ನು ನನ್ನ ಕೈಗಿತ್ತರು. ಪಟ್ಟಿಯಲ್ಲಿ ಮೃತರ ತಂಡ ಹಾಗೆಯೇ ಇತ್ತು. ಈ ಆಟದ ಕ್ರಮವೇ ಹಾಗೆ: ಒಡೆಯ ಕೈಯಾಡಿಸದಿದ್ದರೂ ಕೊನೆಯದಾಗಿ ಆರಿಸಿಟ್ಟ ಹನ್ನೊಂದು ಮಂದಿ ಮುಂದುವರಿಯುತ್ತಾರೆ, ಒಬ್ಬ ಕಣಕ್ಕಿಳಿಯದಿದ್ದರೆ ಮೀಸಲಿನವನು ತಾನಾಗಿ ಆ ಸ್ಥಾನಕ್ಕೆ ಬರುತ್ತಾನೆ. ಆಟದ ಋತು ಮೇ 23ಕ್ಕೆ ಮುಗಿಯುವವರೆಗೂ ಸತ್ತವನ ತಂಡ ಅಂಕ ಗಳಿಸುತ್ತಲೇ ಹೋಯಿತು. ನಾಲ್ಕನೆಯ ಸ್ಥಾನ. ಬದುಕಿದ್ದ ಎಂಟು ಮಂದಿ ಅವರಿಗಿಂತ ಕೆಳಗೆ. ಆಸ್ಪತ್ರೆಯಿಂದ ಅವರು ಬಳಗಕ್ಕೆ ಕಳುಹಿಸಿದ ಕಡೆಯ ಸಂದೇಶ, ನಾಯಕನನ್ನು ಬದಲಿಸಲು ಮರೆತೆ ಎಂಬುದಾಗಿತ್ತು. ಮನೆಯವರಿಗೆ ಆಮೇಲೆ ಬಂದ ಸಂದೇಶವಿಲ್ಲ.

ನಾನು ಅಂದು ರಾತ್ರಿ ಸಂತ ಥಾಮಸ್ ಅಕ್ವಿನಾಸರ ಸುಮ್ಮಾ ಗ್ರಂಥವನ್ನು ಬಹುಕಾಲದ ಬಳಿಕ ತೆರೆದೆ. ಎರಡನೆಯ ಭಾಗದ ದ್ವಿತೀಯಾರ್ಧದ 168ನೆಯ ಪ್ರಶ್ನೆ ಆಟವಿನೋದವನ್ನು ಕುರಿತದ್ದು. ಶುಭವಾರ್ತಾಕಾರ ಸಂತ ಯೊವಾನ್ನರು ಶಿಷ್ಯರೊಡನೆ ಆಡುತ್ತಿದ್ದುದನ್ನು ಕಂಡು ಬೇಸರಪಟ್ಟವನಿಗೆ ಬಿಲ್ಲಿನ ದೃಷ್ಟಾಂತ ಕೊಟ್ಟ ಕಥೆಯನ್ನು ಅವರು ಅಲ್ಲಿ ಎತ್ತಿಕೊಳ್ಳುತ್ತಾರೆ: ಸದಾ ಬಾಗಿಸಿಟ್ಟ ಬಿಲ್ಲು ಮುರಿಯುತ್ತದೆ. ಇದು ಎಲ್ಲರಿಗೂ ತಿಳಿದದ್ದೇ. ಆದರೆ ಅದೇ ಪ್ರಶ್ನೆಯ ನಾಲ್ಕನೆಯ ಪರಿಚ್ಛೇದದಲ್ಲಿ ಅವರು ಇನ್ನೂ ಮುಂದೆ ಹೋಗಿ, ವಿನೋದವೇ ಇಲ್ಲದೆ ಇತರರ ವಿನೋದಕ್ಕೂ ಅಡ್ಡಬರುವವನಲ್ಲಿ ದೋಷವಿದೆ ಎನ್ನುತ್ತಾರೆ. ಗುರುಮಠದಲ್ಲಿ ಇದನ್ನು ಓದಿ ಪರೀಕ್ಷೆ ಬರೆದು ಒಳ್ಳೆಯ ಅಂಕ ಪಡೆದಿದ್ದೆ. ಆ ದೋಷ ಯಾರದ್ದಿರಬಹುದೆಂದು ಆಗ ಯೋಚಿಸಿರಲಿಲ್ಲ.

ಅತಿಯಾದ ಆಟವನ್ನೂ ಅಕ್ವಿನಾಸರು ಒಪ್ಪುವುದಿಲ್ಲ, ಮೂರನೆಯ ಪರಿಚ್ಛೇದ ಅದಕ್ಕೇ ಮೀಸಲು. ಹೆಂಡತಿ ಮಾತನಾಡಿಸುವಾಗ ಫೋನು ನೋಡುವ ಗಂಡನಿಗೆ ಇದನ್ನು ಓದಿ ಹೇಳಬೇಕು. ಗುರಿಕಾರರ ಶ್ರೀಮತಿಯವರೂ ಈ ವಿಷಯದಲ್ಲಿ ನನ್ನ ಪಕ್ಷ.

ಆಟಕ್ಕಾಗಿ ಬಲಿಪೂಜೆ ಅರ್ಪಿಸಬಹುದೇ? ಹಾಗೆ ಕೇಳಿದವರೂ ಇದ್ದರು. ಪೂಜೆ ಅರ್ಪಣೆಯಾದದ್ದು ಮನುಷ್ಯರಿಗಾಗಿ. ಹನ್ನೆರಡು ಹೆಸರುಗಳನ್ನೂ ಪೀಠದಿಂದ ಓದಿದೆ. ಅದಕ್ಕೆ ಮುನ್ನ ಪೂಜಾವಸ್ತ್ರಗಳ ಕೋಣೆಯಲ್ಲಿ ಗುರಿಕಾರರೊಡನೆ 2019ರ ಮಾತನ್ನು ನೆನೆದು ಕ್ಷಮೆ ಕೇಳಿದೆ. "ಅದನ್ನು ನಾನು ಮರೆತಿದ್ದೆ ಫಾದರ್" ಎಂದರು. ಮರೆತಿರಲಿಲ್ಲವೆಂಬುದು ಅವರ ಮುಖದಲ್ಲಿತ್ತು.

ಅಂದೇ ಹೊಸ ಋತುವಿನ ಮೊದಲ ಪಂದ್ಯ, ಲಿವರ್‌ಪೂಲ್ ಮತ್ತು ಬೋರ್ನ್‌ಮತ್ ನಡುವೆ, ನಮ್ಮ ಗಡಿಯಾರದಲ್ಲಿ ನಡುರಾತ್ರಿ ಕಳೆದು. ತಂಡ ಕಟ್ಟಲು ರಾತ್ರಿ ಹನ್ನೊಂದರ ಗಡುವು. ಗುರಿಕಾರರ ಜಗಲಿಯಲ್ಲಿ ಊಟ ಮುಗಿಸಿ ಕುಳಿತಿದ್ದಾಗ ಮೃತರ ಮಗ ಬಂದ. ಈಗ ಹದಿನೇಳು. ತಂದೆ ಇಟ್ಟಿದ್ದ ತಂಡದ ಹೆಸರಿನಲ್ಲೇ ಅವನು ಈ ಬಾರಿ ಬಳಗ ಸೇರಿದ್ದ. ಪಟ್ಟಿಯಲ್ಲಿ ಮತ್ತೆ ಹನ್ನೆರಡು ಹೆಸರು. "ಅಂಕಲ್, ನೀವು ಯಾರನ್ನು ಕ್ಯಾಪ್ಟನ್ ಮಾಡಿದ್ದೀರಿ?" ಎಂದು ಕೇಳಿದ. ಗಡುವು ಮುಗಿಯುವವರೆಗೆ ಒಬ್ಬರ ತಂಡ ಇನ್ನೊಬ್ಬರಿಗೆ ಕಾಣದು. ಗುರಿಕಾರರು ಫೋನನ್ನು ಎದೆಗವಚಿಕೊಂಡು, "ನಿನ್ನಪ್ಪನಿಗೂ ಹೇಳುತ್ತಿರಲಿಲ್ಲ, ಹೋಗು" ಎಂದರು.