ತನ್ನನ್ನು ತಾನೇ ಪರಿಚಯಿಸಿಕೊಂಡ ಪುಟ

ಜಾಲತಾಣಗಳನ್ನು ಕಟ್ಟುವುದನ್ನೇ ವೃತ್ತಿಯಾಗಿ ಹಿಡಿದ ತರುಣನು ಮೊದಲು ಕಟ್ಟುವ ತಾಣ ಬಹುಮಟ್ಟಿಗೆ ತನ್ನದೇ ಆಗಿರುತ್ತದೆ. ತನ್ನ ಹೆಸರು, ತಾನು ಕಲಿತದ್ದು, ಮಾಡಿದ ಕೆಲಸ, ಈ ಪುಟವನ್ನು ಯಾವ ಸಲಕರಣೆಗಳಿಂದ ರಚಿಸಿದೆನೆಂಬ ವಿವರ, ಇಷ್ಟನ್ನು ಅದರಲ್ಲಿ ಬರೆದಿರುತ್ತಾನೆ. ಬಡಗಿಯೊಬ್ಬನು ತನ್ನ ಮನೆಯ ಬಾಗಿಲನ್ನೇ ಕೈಚಳಕದ ಮಾದರಿಯೆಂದು ತೋರಿಸಿದಂತೆ ಇದು. ಆತ್ಮಪ್ರಶಂಸೆಯೆಂದು ನಗುವವರೂ ಉಂಟು. ಆದರೆ ಜಗತ್ತಿನ ಮೊತ್ತಮೊದಲ ಜಾಲತಾಣವೂ ಇದೇ ಜಾತಿಯದು. ತಾನು ಏನು, ತನ್ನಂಥದನ್ನು ಕಟ್ಟುವುದು ಹೇಗೆ ಎಂದು ತಿಳಿಸುವುದಕ್ಕಾಗಿಯೇ ಅದು ಹುಟ್ಟಿತು.

ಹುಟ್ಟಿದ ಸ್ಥಳ ಜಿನೀವಾ ನಗರದ ಬಳಿಯ ಸರ್ನ್ ಎಂಬ ಭೌತವಿಜ್ಞಾನ ಸಂಶೋಧನಾಲಯ. ಅಲ್ಲಿ ನಾನಾ ದೇಶಗಳ ಸಾವಿರಾರು ವಿಜ್ಞಾನಿಗಳು ಕೆಲಸಮಾಡುತ್ತಿದ್ದರು. ಬಂದವರು ಸಾಮಾನ್ಯವಾಗಿ ಎರಡು ವರ್ಷ ಇದ್ದು ಹೊರಟುಹೋಗುವರು. ಅವರೊಡನೆ ಅವರಿಗೆ ತಿಳಿದ ಸಂಗತಿಗಳೂ ಹೊರಟುಹೋಗುವುವು. ಯಾವ ಉಪಕರಣದ ಟಿಪ್ಪಣಿ ಯಾವ ಕಂಪ್ಯೂಟರಿನಲ್ಲಿದೆ ಎಂಬುದನ್ನು ಹುಡುಕುವುದೇ ದೊಡ್ಡ ತೊಡಕು. ಆಕ್ಸ್‌ಫರ್ಡಿನಲ್ಲಿ ಭೌತವಿಜ್ಞಾನವನ್ನು ಓದಿ ಬಂದಿದ್ದ ಟಿಮ್ ಬರ್ನರ್ಸ್-ಲೀ ಅವರು ಇದಕ್ಕೆ ಪರಿಹಾರವಾಗಿ 1989ರ ಮಾರ್ಚ್ ತಿಂಗಳಿನಲ್ಲಿ ಒಂದು ಯೋಜನೆಯನ್ನು ಬರೆದು ತಮ್ಮ ಮೇಲಧಿಕಾರಿ ಮೈಕ್ ಸೆಂಡಾಲ್ ಅವರ ಮುಂದಿಟ್ಟರು. ಅಸ್ಪಷ್ಟವಾಗಿದೆ, ಆದರೆ ಉತ್ಸಾಹ ಹುಟ್ಟಿಸುವಂತಿದೆ ಎಂಬ ಅರ್ಥದ ಮಾತನ್ನು ಸೆಂಡಾಲ್ ಅದರ ಮೇಲೆ ಗೀಚಿದರು. ಅಷ್ಟು ಪ್ರೋತ್ಸಾಹವೇ ಸಾಕಾಯಿತು. 1990ರ ಕೊನೆಯ ವೇಳೆಗೆ ನೆಕ್ಸ್ಟ್ ಎಂಬ ಕಂಪ್ಯೂಟರಿನಲ್ಲಿ ಮೊದಲ ತಾಣ ಸಿದ್ಧವಾಗಿತ್ತು. ಈ ಯಂತ್ರವು ಸರ್ವರ್, ಇದನ್ನು ಆರಿಸಕೂಡದು ಎಂದು ಕೆಂಪು ಶಾಯಿಯಲ್ಲಿ ಬರೆದ ಚೀಟಿಯನ್ನು ಅದಕ್ಕೆ ಅಂಟಿಸಲಾಗಿತ್ತು. ಯಾರಾದರೂ ಗುಂಡಿಯನ್ನು ಒತ್ತಿಬಿಟ್ಟಿದ್ದರೆ ಅಂದಿನ ಮಟ್ಟಿಗೆ ಇಡೀ ವಿಶ್ವಜಾಲವೇ ಆರಿಹೋಗುತ್ತಿತ್ತು!

ಇಂಥ ಪುಟವೊಂದು ನಮ್ಮ ಮುಂದೆ ಮೂಡುವುದು ಹೇಗೆ? ಆ ತಾಣದ ವಿಳಾಸದಲ್ಲಿ ಮೂರು ಭಾಗಗಳಿದ್ದುವು: ಇನ್‌ಫೋ, ಸರ್ನ್, ಸಿಎಚ್. ಇದನ್ನು ಹಿಂದಿನಿಂದ ಓದಬೇಕು. ಅಂಚೆಯವರು ಕಾಗದದ ಮೇಲಿನ ಕೊನೆಯ ಸಾಲಿನಲ್ಲಿರುವ ಊರನ್ನು ಮೊದಲು ನೋಡಿ, ಆಮೇಲೆ ಬೀದಿಯನ್ನೂ ಮನೆಯನ್ನೂ ನೋಡುವುದಿಲ್ಲವೆ? ಹಾಗೆಯೇ ಸಿಎಚ್ ಎಂಬುದು ಸ್ವಿಟ್ಜರ್ಲೆಂಡ್ ದೇಶ. ಸರ್ನ್ ಎಂಬುದು ಸಂಸ್ಥೆ. ಇನ್‌ಫೋ ಎಂಬುದು ಅಲ್ಲಿಯ ಯಂತ್ರ. ಹೆಸರು ಮನುಷ್ಯರ ಅನುಕೂಲಕ್ಕಾಗಿ. ಯಂತ್ರಗಳಿಗೆ ಬೇಕಾದುದು ಅಂಕಿ. ಆದುದರಿಂದ ನಮ್ಮ ಕಂಪ್ಯೂಟರು ಮೊದಲು ಹೆಸರಿನ ಪಟ್ಟಿಗಳನ್ನಿಟ್ಟುಕೊಂಡ ಬೇರೆ ಯಂತ್ರಗಳನ್ನು ವಿಚಾರಿಸಿ, ಆ ಹೆಸರಿಗೆ ಸಲ್ಲುವ ಅಂಕಿಯನ್ನು ತಿಳಿದುಕೊಳ್ಳುತ್ತದೆ.

ಆಮೇಲೆ ಬೇಡಿಕೆ ಹೊರಡುತ್ತದೆ. ಬೆಂಗಳೂರಿನಿಂದ ಜಿನೀವಾಕ್ಕೆ ನೇರ ದೂರ ಸುಮಾರು 7,500 ಕಿಲೋಮೀಟರು. ಗಾಜಿನ ಎಳೆಯಲ್ಲಿ ಬೆಳಕಿನ ವೇಗ ಶೂನ್ಯದಲ್ಲಿರುವುದರ ಮೂರನೆಯ ಎರಡು ಪಾಲು, ಎಂದರೆ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು. ಹೋಗಿಬರುವ ದಾರಿ 15,000 ಕಿಲೋಮೀಟರಾದರೆ ಕನಿಷ್ಠ 75 ಮಿಲಿಸೆಕೆಂಡು ಬೇಕು. ಕಡಲಡಿಯ ಕೇಬಲ್ಲುಗಳು ಸುತ್ತಿಬಳಸಿ ಹೋಗುವುದರಿಂದ ನಿಜವಾಗಿ ಇನ್ನೂ ಹೆಚ್ಚು ಹಿಡಿಯುತ್ತದೆ. ಎಂಥ ಚತುರ ಕುಶಲಿಯೂ ಈ ಮಿತಿಯನ್ನು ಮೀರಲಾರನು. ಪುಟವನ್ನು ಓದುಗನ ಊರಿಗೆ ಹತ್ತಿರವಾದ ಯಂತ್ರದಲ್ಲಿ ಇನ್ನೊಂದು ಪ್ರತಿಯಾಗಿ ಇರಿಸುವುದೊಂದೇ ಉಪಾಯ.

ಬೇಡಿಕೆಯ ಭಾಷೆ ಮೊದಲಲ್ಲಿ ತೀರ ಸರಳವಾಗಿತ್ತು. ಇಂಥ ಪುಟವನ್ನು ಕೊಡು ಎಂಬ ಒಂದೇ ಸಾಲು, ಉತ್ತರವಾಗಿ ಪುಟ, ಅಲ್ಲಿಗೆ ಮಾತು ಮುಗಿಯಿತು. ಬಂದ ಪುಟವಾದರೂ ಬರಿಯ ಅಕ್ಷರಗಳ ಕಡತ. ಇದು ಶೀರ್ಷಿಕೆ, ಇಲ್ಲಿ ಪ್ಯಾರಾ ಆರಂಭ, ಇದು ಬೇರೊಂದು ಪುಟಕ್ಕೆ ಕೊಂಡಿ ಎಂಬ ಕೆಲವು ಗುರುತುಗಳು ಅಕ್ಷರಗಳ ನಡುವೆ ಇರುತ್ತವೆ. ಎಚ್.ಟಿ.ಎಂ.ಎಲ್. ಎಂದರೆ ಇದೇ. ಗುರುತುಗಳನ್ನು ಅರ್ಥಮಾಡಿಕೊಂಡು ಪುಟವನ್ನು ಚಿತ್ರಿಸುವುದು ಓದುಗನ ಬಳಿಯಿರುವ ಬ್ರೌಸರಿನ ಹೊಣೆ. ಬರ್ನರ್ಸ್-ಲೀ ಅವರ ಮೊದಲ ಬ್ರೌಸರಿನಲ್ಲಿ ಪುಟಗಳನ್ನು ಓದುವುದರ ಜೊತೆಗೆ ಬರೆಯಲೂ ಆಗುತ್ತಿತ್ತು. ಮುಂದೆ ಜನಪ್ರಿಯವಾದ ಬ್ರೌಸರುಗಳು ಓದುವುದನ್ನು ಮಾತ್ರ ಉಳಿಸಿಕೊಂಡುವು. ಇದು ನನ್ನ ದೃಷ್ಟಿಯಲ್ಲಿ ದೊಡ್ಡ ನಷ್ಟ: ಬರೆಯುವವರು ಕೆಲವರು, ಓದುವವರು ಹಲವರು ಎಂಬ ಭೇದ ಅಲ್ಲಿಂದಲೇ ಬೇರೂರಿತು.

ಈ ಏರ್ಪಾಟಿನ ಜೀವಾಳವಿರುವುದು ಕೊಂಡಿಯಲ್ಲಿ. ಪುಟದಿಂದ ಪುಟಕ್ಕೆ ಕೊಂಡಿ ಹಾಕುವ ಕಲ್ಪನೆ ಹೊಸದಲ್ಲ. ಹೈಪರ್‌ಟೆಕ್ಸ್ಟ್ ಎಂಬ ಹೆಸರನ್ನು ಟೆಡ್ ನೆಲ್ಸನ್ 1965ರಷ್ಟು ಹಿಂದೆಯೇ ಬಳಸಿದ್ದರು. ಕೊಂಡಿ ಎಂದೂ ಮುರಿಯಬಾರದು, ಎರಡು ತುದಿಗಳಿಗೂ ಒಂದರ ಅರಿವು ಇನ್ನೊಂದಕ್ಕೆ ಇರಬೇಕು ಎಂಬುದು ಅವರ ಆಶಯ. ಹಾಗಾಗಬೇಕಾದರೆ ಎಲ್ಲ ಕೊಂಡಿಗಳ ಲೆಕ್ಕವನ್ನು ಇಡುವ ವ್ಯವಸ್ಥೆಯೊಂದು ಬೇಕಾಗುತ್ತದೆ. ಬರ್ನರ್ಸ್-ಲೀ ಆ ಹಟವನ್ನೇ ಬಿಟ್ಟುಕೊಟ್ಟರು. ನಾನು ನಿಮ್ಮ ಪುಟಕ್ಕೆ ಕೊಂಡಿ ಹಾಕಲು ನಿಮ್ಮ ಅಪ್ಪಣೆ ಬೇಡ. ನಿಮಗೆ ತಿಳಿಯಬೇಕಾದುದೂ ಇಲ್ಲ. ಆದರೆ ನಾಳೆ ನೀವು ಆ ಪುಟವನ್ನು ತೆಗೆದುಹಾಕಿದರೆ ನನ್ನ ಕೊಂಡಿ ಗಾಳಿಯಲ್ಲಿ ತೂಗುತ್ತದೆ. ಓದುಗನಿಗೆ 404 ಎಂಬ ಅಂಕಿ, ಪುಟ ಸಿಗಲಿಲ್ಲವೆಂಬ ಉತ್ತರ ಬರುತ್ತದೆ. ಜಾಲವು ಯಾರ ಅಪ್ಪಣೆಗೂ ಕಾಯದೆ ಬೆಳೆದುದಕ್ಕೆ ತೆತ್ತ ಬೆಲೆ ಇದು. 1993ರ ಏಪ್ರಿಲ್ 30ರಂದು ಸರ್ನ್ ಸಂಸ್ಥೆಯು ಈ ತಂತ್ರಾಂಶವನ್ನು ಸಾರ್ವಜನಿಕರ ಸೊತ್ತೆಂದು ಬಿಟ್ಟುಕೊಟ್ಟ ಮೇಲಂತೂ ಬೆಳವಣಿಗೆಗೆ ಯಾವ ತಡೆಯೂ ಉಳಿಯಲಿಲ್ಲ.

ಬೆಲೆ ಮಾತ್ರ ಸಣ್ಣದಲ್ಲ. ಒಳ್ಳೆಯ ವಿಳಾಸವು ಬದಲಾಗಬಾರದೆಂದು ಬರ್ನರ್ಸ್-ಲೀ ಅವರೇ 1998ರಲ್ಲಿ ಪ್ರಬಂಧವೊಂದನ್ನು ಬರೆದರು. ಆದರೆ ಅವರ ಮೊದಲ ಪುಟದ ಮೂಲರೂಪವೇ ಉಳಿದುಬಂದಿಲ್ಲ. ಪುಟವನ್ನು ತಿದ್ದಿದಾಗಲೆಲ್ಲ ಹೊಸ ಬರಹವು ಹಳೆಯದನ್ನು ಅಳಿಸಿತು. 2013ರಲ್ಲಿ ಸರ್ನ್ ಸಂಸ್ಥೆಯವರು ಆ ವಿಳಾಸವನ್ನು ಜೀರ್ಣೋದ್ಧಾರ ಮಾಡಹೊರಟಾಗ ಅಲ್ಲಿ ಮತ್ತೆ ಸ್ಥಾಪಿಸಿದುದು 1992ರ ಪ್ರತಿಯನ್ನು. ಪರರ ಆಶ್ರಯದಲ್ಲಿ ಬರೆದವರ ಪಾಡು ಇನ್ನೂ ಕಷ್ಟ. 1994ರಲ್ಲಿ ಆರಂಭವಾದ ಜಿಯೋಸಿಟೀಸ್ ಎಂಬ ಸೇವೆಯಲ್ಲಿ ಲಕ್ಷಗಟ್ಟಲೆ ಜನರು ತಂತಮ್ಮ ಪುಟಗಳನ್ನು ಪುಕ್ಕಟೆಯಾಗಿ ಇರಿಸಿದ್ದರು. ಯಾಹೂ ಕಂಪನಿಯು ಅದನ್ನು 1999ರಲ್ಲಿ ಕೊಂಡು, 2009ರ ಅಕ್ಟೋಬರಿನಲ್ಲಿ ಮುಚ್ಚಿತು. ಹವ್ಯಾಸಿಗಳೂ ಇಂಟರ್ನೆಟ್ ಆರ್ಕೈವ್ ಸಂಸ್ಥೆಯವರೂ ಆತುರಾತುರವಾಗಿ ನಕಲು ಮಾಡಿಕೊಂಡಷ್ಟು ಮಾತ್ರ ಉಳಿಯಿತು. ಸ್ವಂತ ಹೆಸರಿನ ವಿಳಾಸಕ್ಕೂ ಕಾಲಕಾಲಕ್ಕೆ ಬಾಡಿಗೆ ಕೊಡಬೇಕು, ನಿಜ. ಆದರೂ ವ್ಯತ್ಯಾಸವಿದೆ. ಪುಟವನ್ನು ಇರಿಸಿದ ಯಂತ್ರ ಕೆಟ್ಟರೆ ಅಥವಾ ಅದರ ಒಡೆಯ ಅಂಗಡಿ ಮುಚ್ಚಿದರೆ, ಕಡತಗಳನ್ನು ಬೇರೆ ಯಂತ್ರಕ್ಕೆ ಸಾಗಿಸಿ ಅದೇ ಹೆಸರನ್ನು ಹೊಸ ಅಂಕಿಗೆ ಜೋಡಿಸಬಹುದು. ಹಳೆಯ ಕೊಂಡಿಗಳು ಮುರಿಯುವುದಿಲ್ಲ.

ತನ್ನ ಪರಿಚಯವನ್ನು ಕನ್ನಡದಲ್ಲೇ ಬರೆಯಬಯಸುವ ವಿದ್ಯಾರ್ಥಿಗೆ ಒಂದು ಮಾತು. ಕನ್ನಡದ ಮೊದಮೊದಲ ಪುಟಗಳಲ್ಲಿ ರೋಮನ್ ಅಕ್ಷರಗಳ ಅಂಕಿಗಳಿಗೇ ಕನ್ನಡದ ಆಕಾರಗಳನ್ನು ತೊಡಿಸಿರುತ್ತಿದ್ದರು. ಆ ಫಾಂಟು ಓದುಗನ ಬಳಿ ಇಲ್ಲದಿದ್ದರೆ ಪುಟವೆಲ್ಲ ಕಲಸುಮೇಲೋಗರ. 1991ರ ಅಕ್ಟೋಬರಿನಲ್ಲಿ ಹೊರಬಂದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ವಂತ ಅಂಕಿಗಳು ದೊರೆತಿದ್ದರೂ ಅವು ಬಳಕೆಗೆ ಬರಲು ಬಹಳ ವರ್ಷಗಳು ಹಿಡಿದುವು. ‘ಕ’ ಅಕ್ಷರದ ಅಂಕಿ 3221. ಯುಟಿಎಫ್-8 ಎಂಬ ಕ್ರಮದಲ್ಲಿ ಇದನ್ನು ಮೂರು ಬೈಟುಗಳಾಗಿ ಕಳುಹಿಸುತ್ತಾರೆ. ‘ಕನ್ನಡ’ ಎಂಬ ಪದದಲ್ಲಿ ಕ, ನ, ವಿರಾಮಚಿಹ್ನೆಯಾದ ಹಲಂತ, ಮತ್ತೆ ನ, ಡ ಎಂದು ಐದು ಅಂಕಿಗಳಿರುವುದರಿಂದ ಒಟ್ಟು 15 ಬೈಟು. ಪುಟದ ತಲೆಯಲ್ಲಿ, ಇದು ಯುಟಿಎಫ್-8 ಎಂದು ಸಾರುವ ಒಂದು ಸಾಲನ್ನು ಬರೆಯಬೇಕು. ಅದನ್ನು ಬಿಟ್ಟರೆ ಬ್ರೌಸರು ತನಗೆ ತೋಚಿದ ಹಳೆಯ ಯೂರೋಪಿಯನ್ ಕ್ರಮದಲ್ಲಿ ಆ ಬೈಟುಗಳನ್ನು ಓದಿಬಿಡಬಹುದು. ಆಗ ‘ಕ’ ಇರಬೇಕಾದ ಕಡೆ ನೆತ್ತಿಯ ಮೇಲೆ ಓರೆಗೀಟುಳ್ಳ ಒಂದು ರೋಮನ್ ಅಕ್ಷರ, ವರ್ಗಸೂಚಕವಾದ ಪುಟ್ಟ ಎರಡು, ಒಂದು ದಪ್ಪ ಚುಕ್ಕೆ, ಹೀಗೆ ಮೂರು ಗುರುತುಗಳು ಸಾಲಾಗಿ ನಿಂತಿರುತ್ತವೆ.