ಮೊದಲ ಬ್ಯಾಂಜೊ: ಬಲಗೈಯನ್ನು ಕೇಳಿ ಕೊಳ್ಳಿ

ವಾದ್ಯದಂಗಡಿಯಲ್ಲಿ ‘ಬ್ಯಾಂಜೊ ಇದೆಯಾ?’ ಎಂದು ಕೇಳಿದರೆ ನಮ್ಮ ಕಡೆ ಬಹಳಷ್ಟು ಸಲ ಎದುರಿಗೆ ಬಂದು ಕೂರುವುದು ಬುಲ್‌ಬುಲ್ ತರಂಗ್. ಉದ್ದನೆಯ ಮರದ ಪೆಟ್ಟಿಗೆ, ಅದರ ಮೇಲೆ ಟೈಪ್‌ರೈಟರಿನಂಥ ಗುಂಡಿಗಳು. ಜಪಾನಿನ ನಗೋಯಾದಲ್ಲಿ 1912ರಲ್ಲಿ ಹುಟ್ಟಿದ ತೈಶೋಗೊತೊ ವಾದ್ಯದ ವಂಶದ್ದು ಅದು. ಮುಂಬೈಯ ಗಣೇಶೋತ್ಸವದ ಮೆರವಣಿಗೆಗಳಲ್ಲಿ ಆಂಪ್ಲಿಫೈಯರ್ ಕಟ್ಟಿಕೊಂಡು ಮೊಳಗುವ ಬ್ಯಾಂಜೊ ಅದೇ. 2016ರ ‘ಬ್ಯಾಂಜೊ’ ಹಿಂದಿ ಸಿನಿಮಾದಲ್ಲಿ ರಿತೇಶ್ ದೇಶಮುಖ್ ಕೈಯಲ್ಲಿದ್ದದ್ದೂ ಅದೇ. ಒಳ್ಳೆಯ ವಾದ್ಯವೇ. ಆದರೆ ಅಮೆರಿಕದ ಬ್ಯಾಂಜೊ ವಾದಕ ಬೇಲಾ ಫ್ಲೆಕ್ ನುಡಿಸಿದ್ದನ್ನು ಕೇಳಿ ಮನಸೋತು ಅಂಗಡಿಗೆ ಹೋದವರಿಗೆ ಬೇಕಾದ್ದು ಇನ್ನೊಂದು.

ಫ್ಲೆಕ್ ನಮ್ಮವರಿಗೆ ತೀರಾ ಅಪರಿಚಿತರಲ್ಲ. ತಬಲಾದ ಜಾಕಿರ್ ಹುಸೇನ್, ಬಾಸ್ ವಾದಕ ಎಡ್ಗರ್ ಮೇಯರ್, ಕೊಳಲಿನ ರಾಕೇಶ್ ಚೌರಾಸಿಯಾ ಜೊತೆಗೂಡಿ ಅವರು ಮಾಡಿದ ‘ಆ್ಯಸ್ ವಿ ಸ್ಪೀಕ್’ 2023ರಲ್ಲಿ ಬಂತು. ಮರುವರ್ಷ ಅದಕ್ಕೆ ಗ್ರ್ಯಾಮಿಯೂ ಸಿಕ್ಕಿತು. ತಬಲಾ ಕೇಳಲು ಕೂತು ಬ್ಯಾಂಜೊ ಕೇಳಿ ಎದ್ದ ಕನ್ನಡಿಗರು ಕೆಲವರಾದರೂ ಇರಬೇಕು. ದುಂಡನೆಯ ಚಪ್ಪಟೆ ಒಡಲು, ಅದರ ಮೇಲೆ ಬಿಗಿದ ಮುಚ್ಚಿಗೆ, ಉದ್ದನೆಯ ದಂಡಿ, ಐದು ತಂತಿ. ಈ ಲೇಖನ ಆ ಅಮೆರಿಕದ ಬ್ಯಾಂಜೊ ಕುರಿತದ್ದು.

ಕೊಳ್ಳಹೊರಟವರು ಮೊದಲು ಕೇಳುವುದು ಯಾವ ಕಂಪನಿ, ಎಷ್ಟು ಬೆಲೆ ಎಂದು. ನಾನಾದರೆ ಬಲಗೈಯಿಂದ ಶುರು ಮಾಡಲು ಹೇಳುತ್ತೇನೆ. ಈ ವಾದ್ಯದಲ್ಲಿ ಎಡಗೈ ಕೆಲಸ ಎಲ್ಲ ಬಗೆಯಲ್ಲೂ ಹೆಚ್ಚುಕಡಿಮೆ ಒಂದೇ. ಬಲಗೈ ಏನು ಮಾಡುತ್ತದೆ ಎನ್ನುವುದರ ಮೇಲೆ ಸಂಗೀತವೇ ಬೇರೆಯಾಗುತ್ತದೆ, ಅದಕ್ಕೆ ತಕ್ಕ ವಾದ್ಯವೂ ಬೇರೆಯಾಗುತ್ತದೆ.

ಹಳೆಯ ಬಗೆಯನ್ನು ಕ್ಲಾಹ್ಯಾಮರ್ ಎನ್ನುತ್ತಾರೆ. ಬೆರಳುಗಳನ್ನು ಅರ್ಧ ಮಡಚಿ, ಉಗುರಿನ ಬೆನ್ನಿನಿಂದ ತಂತಿಯನ್ನು ಕೆಳಮುಖವಾಗಿ ಹೊಡೆಯುವುದು, ಹಿಂದೆಯೇ ಹೆಬ್ಬೆರಳು ಐದನೆಯ ತಂತಿಯನ್ನು ಮೀಟುವುದು. ಈ ಕೈಚಳಕದ ಬೇರು ಪಶ್ಚಿಮ ಆಫ್ರಿಕದಲ್ಲಿದೆ. ಸೆನೆಗಲ್, ಗ್ಯಾಂಬಿಯಾ ಸೀಮೆಯ ಜೋಲಾ ಜನರ ಅಕೊಂಟಿಂಗ್ ಎಂಬ ವಾದ್ಯ ಸೋರೆ ಬುರುಡೆಗೆ ಚರ್ಮ ಬಿಗಿದು ಮಾಡಿದ್ದು. ಹೆಬ್ಬೆರಳಿಗೆಂದೇ ಅದರಲ್ಲೊಂದು ಗಿಡ್ಡ ತಂತಿಯಿದೆ. ನಮ್ಮ ತತ್ವಪದಕಾರರ ಏಕತಾರಿ ನೋಡಿದವರಿಗೆ ಅದರ ಒಡಲು ಹೊಸದೆನಿಸದು. ಗುಲಾಮರಾಗಿ ಹಡಗು ಹತ್ತಿಸಲ್ಪಟ್ಟ ಜನ ಇಂಥ ವಾದ್ಯಗಳ ನೆನಪನ್ನು ಕೆರಿಬಿಯನ್ ದ್ವೀಪಗಳಿಗೂ ಅಲ್ಲಿಂದ ಅಮೆರಿಕಕ್ಕೂ ಒಯ್ದರು. 1840ರ ದಶಕದಲ್ಲಿ ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು ಕರಿಯರನ್ನು ಅಣಕಿಸುವ ಮಿನ್‌ಸ್ಟ್ರೆಲ್ ಆಟಗಳು ಜನಪ್ರಿಯವಾದವು, ಬ್ಯಾಂಜೊ ಬಿಳಿಯರ ಕೈಸೇರಿತು. ಅದೇ ಕಾಲಕ್ಕೆ ಬಾಲ್ಟಿಮೋರಿನ ವಿಲಿಯಂ ಬೌಚರ್ ಅದನ್ನು ಮಾರಾಟಕ್ಕೆಂದೇ ತಯಾರಿಸುತ್ತಿದ್ದ. ಬರಬರುತ್ತಾ ಅದು ಬಿಳಿಯರದೇ ವಾದ್ಯ ಎಂಬ ಭಾವನೆ ಬೇರೂರಿತು. ಆಫ್ರಿಕದವರಿಗಿರುವ ಆ ಸಾಲವನ್ನು ನೆನಪಿಸುವ ಕೆಲಸವನ್ನು ಈಗ ರಿಯಾನನ್ ಗಿಡೆನ್ಸ್‌ರಂಥವರು ಮಾಡುತ್ತಿದ್ದಾರೆ. 2024ರಲ್ಲಿ ಬಿಯಾನ್ಸೆಯ ‘ಟೆಕ್ಸಸ್ ಹೋಲ್ಡ್ ’ಎಮ್’ ಹಾಡಿನಲ್ಲಿ ಕೇಳಿಸಿದ ಬ್ಯಾಂಜೊ ಗಿಡೆನ್ಸ್ ಅವರದೇ.

ಎರಡನೆಯ ಬಗೆ ಮೂರು ಬೆರಳಿನದು. ಹೆಬ್ಬೆರಳಿಗೆ ಪ್ಲಾಸ್ಟಿಕ್ಕಿನ, ಮುಂದಿನೆರಡು ಬೆರಳಿಗೆ ಲೋಹದ ಮೀಟುಗೊಳವೆ ಹಾಕಿಕೊಂಡು, ಬಿಡುವಿಲ್ಲದೆ ಉರುಳುವ ಹಾಗೆ ಮೀಟುವುದು. ಇದನ್ನು ಲೋಕಕ್ಕೆಲ್ಲ ಕೇಳಿಸಿದವರು ಉತ್ತರ ಕ್ಯಾರೊಲಿನಾದ ಅರ್ಲ್ ಸ್ಕ್ರಗ್ಸ್. 1945ರ ಡಿಸೆಂಬರಿನಲ್ಲಿ ಅವರು ಬಿಲ್ ಮನ್ರೊ ಮೇಳ ಸೇರಿದ ಮೇಲೆಯೇ ಬ್ಲೂಗ್ರಾಸ್ ಸಂಗೀತ ಇಂದಿನ ರೂಪ ಪಡೆದದ್ದು ಎನ್ನುವವರು ಬಹಳ. 1967ರ ‘ಬಾನಿ ಆ್ಯಂಡ್ ಕ್ಲೈಡ್’ ಸಿನಿಮಾದಲ್ಲಿ ಕಾರು ಓಡುವಾಗ ಹಿಂದೆ ಬರುವ ಸದ್ದು ಸ್ಕ್ರಗ್ಸ್ ಕೈಯದು. ಷಾರ್ಲಟ್ ನಗರದಲ್ಲಿ ನೆಲೆಸಿದ ಕನ್ನಡಿಗರು ಬಿಡುವಿದ್ದ ದಿನ ಶೆಲ್ಬಿ ಪಟ್ಟಣಕ್ಕೆ ಹೋಗಿಬರಬಹುದು. ಅಲ್ಲಿನ ಹಳೆಯ ಕೋರ್ಟ್ ಕಟ್ಟಡದಲ್ಲಿ 2014ರಿಂದ ಅರ್ಲ್ ಸ್ಕ್ರಗ್ಸ್ ಸೆಂಟರ್ ಇದೆ.

ಈ ಎರಡರಲ್ಲಿ ಯಾವುದು ನಿಮ್ಮನ್ನು ಎಳೆಯುತ್ತದೆ ಎಂದು ಒಂದು ವಾರ ಕೇಳಿ ನೋಡಿ. ಹಾಡಿಗೆ ಹಿಮ್ಮೇಳವಾಗಿ, ಒಬ್ಬರೇ ಕೂತು ನುಡಿಸಿಕೊಳ್ಳುವ ಆಸೆಯಿದ್ದರೆ ಕ್ಲಾಹ್ಯಾಮರ್, ಅದಕ್ಕೆ ಹಿಂಬದಿ ತೆರೆದಿರುವ ಓಪನ್‌ಬ್ಯಾಕ್ ಬ್ಯಾಂಜೊ. ಸದ್ದು ಮೆತ್ತಗೆ, ತೂಕ ಸುಮಾರು 2 ಕಿಲೋ. ವೇಗ, ಮಿಂಚು, ಮೇಳದ ನಡುವೆ ಎದ್ದು ಕೇಳಬೇಕೆಂಬ ಹಂಬಲವಿದ್ದರೆ ಮೂರು ಬೆರಳು, ಅದಕ್ಕೆ ಹಿಂದೆ ರೆಸೊನೇಟರ್ ಎಂಬ ಮರದ ತಟ್ಟೆ ಕೂರಿಸಿದ ಬ್ಯಾಂಜೊ. ಹಿಂದಕ್ಕೆ ಹೋಗುವ ಸದ್ದನ್ನು ಅದು ಮುಂದಕ್ಕೆ ತಳ್ಳುತ್ತದೆ. ಒಳಗೆ ಟೋನ್ ರಿಂಗ್ ಎಂಬ ಕಂಚಿನ ಬಳೆ ಇದ್ದರಂತೂ ತೂಕ 5 ಕಿಲೋ ಮುಟ್ಟುತ್ತದೆ. ಅದನ್ನು ಹೆಗಲಿಗೆ ಹಾಕಿಕೊಂಡು ಒಂದು ಗಂಟೆ ನಿಂತರೆ ಬೆನ್ನು ಮಾತಾಡುತ್ತದೆ. ಹಾಗೆಂದು ಗಡಿ ಅಷ್ಟೇನೂ ಬಿಗಿಯಲ್ಲ. ಓಪನ್‌ಬ್ಯಾಕ್‌ನಲ್ಲಿ ಮೂರು ಬೆರಳಿನ ಪಾಠ ಕಲಿಯಲು ಯಾವ ತೊಡಕೂ ಇಲ್ಲ, ಸದ್ದು ಕೊಂಚ ಕಡಿಮೆ, ಅಷ್ಟೇ. ಗೋಡೆಗೆ ಗೋಡೆ ಅಂಟಿದ ಬೆಂಗಳೂರಿನ ಅಪಾರ್ಟ್‌ಮೆಂಟಿನವರಿಗೆ ಅದು ಅನುಕೂಲವೇ. ಅದೂ ಜೋರೆನಿಸಿದರೆ ಮುಚ್ಚಿಗೆಯ ಹಿಂದೆ, ಒಡಲೊಳಗಿನ ಅಡ್ಡ ಸರಳಿನ ಕೆಳಗೆ, ಒಂದು ಹಳೆಯ ಕಾಲುಚೀಲ ತುರುಕಿ.

ನಾಲ್ಕು ತಂತಿಯ ಬ್ಯಾಂಜೊ ಬೇರೆಯೇ ಸಂಸಾರ. 20ನೆಯ ಶತಮಾನದ ಮೊದಲ ದಶಕಗಳ ಜಾಜ್ ಮತ್ತು ನೃತ್ಯ ಮೇಳಗಳಲ್ಲಿ ಅದು ಮೆರೆಯಿತು. ಆಮೇಲೆ ಗಿಟಾರ್ ಆ ಜಾಗ ಕಸಿದುಕೊಂಡಿತು. ಐರ್‌ಲ್ಯಾಂಡಿನವರು ಮಾತ್ರ ಅದನ್ನು ಕೈಬಿಡಲಿಲ್ಲ. ‘ಡಬ್ಲಿನರ್ಸ್’ ಮೇಳದ ಬಾರ್ನಿ ಮೆಕೆನ್ನಾ ಅದನ್ನು ಪಿಟೀಲಿಗಿಂತ ಒಂದು ಸ್ಥಾಯಿ ಕೆಳಗೆ ಶ್ರುತಿ ಮಾಡಿ ನುಡಿಸಿದ ರೀತಿ ಇಂದಿಗೂ ಅಲ್ಲಿ ರೂಢಿ. ಐರಿಷ್ ಧಾಟಿಗಳೇ ಬೇಕು ಎನ್ನುವವರು ಅದನ್ನು ಕೊಳ್ಳಲಿ, ಉಳಿದವರಿಗೆ ಬೇಡ. ಇನ್ನು ಆರು ತಂತಿಯದು. ಗಿಟಾರಿನ ಶ್ರುತಿ, ಬ್ಯಾಂಜೊ ಸದ್ದು. ಗಿಟಾರ್ ಬಲ್ಲವರಿಗೆ ಅಂಗಡಿಯವರು ಇದನ್ನೇ ಮುಂದೊಡ್ಡುತ್ತಾರೆ. ಲೂಯಿ ಆರ್ಮ್‌ಸ್ಟ್ರಾಂಗ್ ಜೊತೆ ಜಾನಿ ಸೇಂಟ್ ಸಿರ್ ನುಡಿಸಿದ್ದು ಇಂಥದ್ದನ್ನು, ಹಾಗಾಗಿ ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೂ ಬ್ಯಾಂಜೊ ಕಲಿಯಬೇಕೆಂದು ಹೊರಟವರಿಗೆ ಅದರಿಂದ ಪ್ರಯೋಜನವಿಲ್ಲ, ಬ್ಯಾಂಜೊದ ಜೀವವೆನಿಸಿದ ಗಿಡ್ಡ ಐದನೆಯ ತಂತಿಯೇ ಅದರಲ್ಲಿಲ್ಲ.

ಆ ತಂತಿಯ ಮಾತು ಕೊಂಚ ವಿವರವಾಗಿ ಹೇಳಬೇಕು. ಅದು ದಂಡಿಯ ನಡುವೆ, ಐದನೆಯ ಫ್ರೆಟ್ (ಮೆಟ್ಟಿಲು) ಬಳಿ ಸಿಕ್ಕಿಸಿದ ತನ್ನದೇ ಬಿರಡೆಯಿಂದ ಶುರುವಾಗುತ್ತದೆ. ಎಲ್ಲಕ್ಕಿಂತ ಮೇಲಿನ ಜಾಗದಲ್ಲಿದ್ದೂ ಎಲ್ಲಕ್ಕಿಂತ ಎತ್ತರದ ಸ್ವರ ಅದರದು. ಬ್ಯಾಂಜೊವನ್ನು ಸಾಮಾನ್ಯವಾಗಿ ‘ಜಿ’ ಶ್ರುತಿಗೆ ಕೂಡಿಸುತ್ತಾರೆ. ಆ ‘ಜಿ’ಯನ್ನು ಷಡ್ಜ ಎಂದುಕೊಂಡರೆ ನಾಲ್ಕನೆಯ ತಂತಿ ಮಂದ್ರ ಪಂಚಮ, ಮೂರನೆಯದು ಷಡ್ಜ, ಎರಡನೆಯದು ಅಂತರ ಗಾಂಧಾರ, ಒಂದನೆಯದು ಪಂಚಮ, ಗಿಡ್ಡ ತಂತಿ ತಾರ ಷಡ್ಜ. ಎಡಗೈ ಮುಟ್ಟದೆ ಸುಮ್ಮನೆ ಮೀಟಿದರೂ ಸ-ಗ-ಪ ತುಂಬಿ ಬರುತ್ತದೆ. ಮೊದಲ ದಿನವೇ ಕಿವಿಗೆ ಹಿತವೆನಿಸುವ ವಾದ್ಯಗಳು ಕಡಿಮೆ, ಇದು ಅವುಗಳಲ್ಲೊಂದು. ವೀಣೆಯ ಪಕ್ಕದ ತಾಳದ ತಂತಿಗಳನ್ನು ಕಂಡವರಿಗೆ ಈ ಐದನೆಯ ತಂತಿಯ ಕೆಲಸ ಬೇಗ ಅರ್ಥವಾಗುತ್ತದೆ: ಅದು ರಾಗ ನುಡಿಸುವುದು ಅಪರೂಪ, ಸದಾ ಮಿಡಿಯುತ್ತಿರುತ್ತದೆ. ಶ್ರುತಿ ಏರಿಸಬೇಕಾದಾಗ ಉಳಿದ ನಾಲ್ಕಕ್ಕೆ ಕೇಪೊ ಎಂಬ ಬಿಗಿಪಟ್ಟಿ ಹಾಕಿದರೆ ಸಾಕು, ಇದಕ್ಕೆ ಸಾಲದು. ಅದಕ್ಕಾಗಿ ಆಟಿಕೆ ರೈಲಿನ ಹಳಿಗೆ ಹೊಡೆಯುವ ಪುಟ್ಟ ಮೊಳೆಗಳನ್ನು ಏಳು, ಒಂಬತ್ತನೆಯ ಫ್ರೆಟ್ ಬಳಿ ದಂಡಿಗೆ ಹೊಡೆದು ತಂತಿಯನ್ನು ಅದರಡಿ ಸಿಕ್ಕಿಸುತ್ತಾರೆ. ಕೊಳ್ಳುವ ವಾದ್ಯದಲ್ಲಿ ಇಂಥ ಮೊಳೆ ಕಂಡರೆ ಗಾಬರಿ ಬೇಡ, ಹಿಂದಿನ ಒಡೆಯ ತಿಳಿದವನಿದ್ದ ಎಂದರ್ಥ.

ಎಡಚರಿಗೆ ಇಲ್ಲೊಂದು ಪೇಚಿದೆ. ಗಿಟಾರಾದರೆ ತಂತಿ ತಿರುಗುಮುರುಗು ಮಾಡಿ ಹೇಗೋ ನಡೆಸಬಹುದು. ಬ್ಯಾಂಜೊದಲ್ಲಿ ಐದನೆಯ ಬಿರಡೆ ದಂಡಿಯ ಒಂದು ಪಕ್ಕದಲ್ಲೇ ಇರುವುದರಿಂದ ಆ ಉಪಾಯ ನಡೆಯದು. ಎಡಗೈಯವರಿಗೆಂದೇ ಮಾಡಿದ್ದನ್ನು ತರಿಸಬೇಕು, ಇಲ್ಲವೇ ಎಲ್ಲರಂತೆ ಬಲಗೈಯಲ್ಲೇ ಕಲಿಯಬೇಕು. ಇನ್ನೂ ಏನನ್ನೂ ನುಡಿಸದವರಾದರೆ ಎರಡನೆಯದೇ ಲೇಸು. ಎರಡೂ ಕೈಗೆ ಕೆಲಸ ಹೊಸದೇ ತಾನೆ?

ಅಂಗಡಿಯಲ್ಲಿ ನೋಡಬೇಕಾದ್ದು ಹೊಳಪನ್ನಲ್ಲ. ದಂಡಿಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಉದ್ದಕ್ಕೂ ನೋಡಿ, ತಿರುಚಿದ್ದರೆ ಅಲ್ಲೇ ಇಟ್ಟು ಬನ್ನಿ. ಒಂದೊಂದೂ ತಂತಿಯನ್ನು ಒಂದೊಂದೂ ಫ್ರೆಟ್‌ನಲ್ಲಿ ಒತ್ತಿ ಮೀಟಿ, ಎಲ್ಲಾದರೂ ಝರ್ ಎಂದರೆ ಕಾರಣ ಕೇಳಿ. ಹನ್ನೆರಡನೆಯ ಫ್ರೆಟ್ ಮೇಲೆ ತಂತಿ ಮೂರು ಮಿಲಿಮೀಟರಿನಷ್ಟು ಎತ್ತರದಲ್ಲಿದ್ದರೆ ಸರಿ, ತೀರಾ ಮೇಲಿದ್ದರೆ ಬೆರಳು ಸೋಲುತ್ತದೆ. ಐದನೆಯ ಬಿರಡೆಗೆ ಹಲ್ಲುಚಕ್ರ ಇರಲೇಬೇಕು. ಬರೀ ಬಿಗಿತದ ಮೇಲೆ ನಿಲ್ಲುವ ಅಗ್ಗದ ಬಿರಡೆ ಕಲಿಯುವವರ ತಾಳ್ಮೆ ತಿಂದುಬಿಡುತ್ತದೆ.

ಆಮೇಲೆ ತಂತಿಗಳನ್ನು ಹೊರುವ ಕುದುರೆ. ಬ್ಯಾಂಜೊ ಕುದುರೆಯನ್ನು ಅಂಟಿಸಿರುವುದಿಲ್ಲ, ತಂತಿಯ ಒತ್ತಡದಲ್ಲಿ ಮುಚ್ಚಿಗೆಯ ಮೇಲೆ ಸುಮ್ಮನೆ ನಿಂತಿರುತ್ತದೆ. ಪೆಟ್ಟಿಗೆಯಲ್ಲಿ ಬರುವಾಗ ಅದು ಜರುಗಿರುವುದೇ ಹೆಚ್ಚು. ದಂಡಿಯ ತುದಿಯಲ್ಲಿ ತಂತಿಗಳು ಆನುವ ಪಟ್ಟಿಯಿಂದ ಹನ್ನೆರಡನೆಯ ಫ್ರೆಟ್‌ಗೆ ಎಷ್ಟು ದೂರವೋ ಅಲ್ಲಿಂದ ಕುದುರೆಗೂ ಹೆಚ್ಚುಕಡಿಮೆ ಅಷ್ಟೇ ದೂರವಿರಬೇಕು. ಹೊಸ ಬ್ಯಾಂಜೊ ಅಪಸ್ವರ ಹೊರಡಿಸುತ್ತದೆ ಎಂದು ಬೈದು ವಾಪಸು ಕಳಿಸುವ ಎಷ್ಟೋ ಮಂದಿಗೆ ಈ ಒಂದು ಅಳತೆ ಯಾರೂ ಹೇಳಿಕೊಟ್ಟಿರುವುದಿಲ್ಲ. ಮುಚ್ಚಿಗೆಯ ಬಿಗಿತವೂ ಅಷ್ಟೇ ಮುಖ್ಯ. ಮೊದಲು ಕರುವಿನ ಚರ್ಮವಿತ್ತು, ಮಳೆಗಾಲ ಬಂದರೆ ಸಡಿಲವಾಗುತ್ತಿತ್ತು. 1950ರ ದಶಕದ ಕೊನೆಯಿಂದ ಪ್ಲಾಸ್ಟಿಕ್ ಮುಚ್ಚಿಗೆ ಬಂದು ಆ ಕಾಟ ತಪ್ಪಿತು. ಮಂಗಳೂರಿನ ಆಷಾಢದಲ್ಲೂ ಅದು ಜಗ್ಗುವುದಿಲ್ಲ, ತಂತಿ ಮಾತ್ರ ತುಕ್ಕು ಹಿಡಿಯುತ್ತದೆ. ಮುಚ್ಚಿಗೆಯನ್ನು ಬಿಗಿಹಿಡಿದ ಸುತ್ತಲಿನ ಕೊಕ್ಕೆಗಳ ಬಳಿ ಮೃದಂಗದವರಂತೆ ತಟ್ಟುತ್ತಾ ಬನ್ನಿ. ಎಲ್ಲ ಕಡೆ ಒಂದೇ ನಾದ ಬರಬೇಕು, ಬಾರದಿದ್ದಲ್ಲಿ ಕೊಕ್ಕೆಯ ನಟ್ಟನ್ನು ಸ್ವಲ್ಪಸ್ವಲ್ಪವೇ ಬಿಗಿಯಬೇಕು. ಇದನ್ನೆಲ್ಲ ಸರಿಮಾಡಿ ಕೊಡುವ ಅಂಗಡಿಗೆ ನಾಲ್ಕು ಕಾಸು ಹೆಚ್ಚು ತೆತ್ತರೂ ನಷ್ಟವಿಲ್ಲ. ಸರಿಯಾಗಿ ಹೊಂದಿಸಿದ ಅಗ್ಗದ ಬ್ಯಾಂಜೊ, ಹೊಂದಿಸದ ದುಬಾರಿ ಬ್ಯಾಂಜೊಗಿಂತ ಮೇಲು.

ಹೆಸರುಗಳನ್ನೂ ಹೇಳಿಬಿಡುತ್ತೇನೆ. ಕ್ಯಾಲಿಫೋರ್ನಿಯಾದ ಡೀರಿಂಗ್ ಕಂಪನಿಯ ‘ಗುಡ್‌ಟೈಮ್’ ಕಲಿಯುವವರಿಗೆ ಬಹುಕಾಲದಿಂದ ಶಿಫಾರಸು ಆಗುತ್ತಾ ಬಂದಿದೆ. ಒಡಲಿಗೆ ಮೇಪಲ್ ಮರದ ಬಳೆ, ಹಗುರ, ಗಟ್ಟಿ, ಮಾರಹೊರಟರೆ ಕೊಳ್ಳುವವರೂ ಸಿಗುತ್ತಾರೆ. ಹೊಸದಕ್ಕೆ ಅಮೆರಿಕದಲ್ಲಿ 500 ಡಾಲರ್ ದಾಟುತ್ತದೆ. ಸುಮಾರು ಅರ್ಧ ಬೆಲೆಗೆ ಗೋಲ್ಡ್ ಟೋನ್‌ನ ‘ಎಸಿ-1’ ಇದೆ. ಅದರ ಬಳೆ ಮರದ್ದಲ್ಲ, ಸಂಯುಕ್ತ ವಸ್ತುವಿನದು; ಕಲಿಕೆಗೆ ಧಾರಾಳ ಸಾಕು. ಟೋನ್ ರಿಂಗ್, ಚಿನ್ನದ ಲೇಪ, ಮುತ್ತಿನ ಚಿಪ್ಪಿನ ಕುಸುರಿಗೆ ಈಗಲೇ ಹಣ ಹಾಕಬೇಡಿ. ಆನ್‌ಲೈನಿನಲ್ಲಿ ಹೆಸರಿಲ್ಲದ ಕಂಪನಿಯ ತೀರಾ ಅಗ್ಗದ ಮಾಲು ಕಂಡರೆ ಮುಂದೆ ಸಾಗಿ. ನನ್ನ ಮತ ಕೇಳುವುದಾದರೆ, ಯಾವ ಬಗೆ ಎಂದು ಇನ್ನೂ ನಿರ್ಧರಿಸದವರು ಐದು ತಂತಿಯ ಓಪನ್‌ಬ್ಯಾಕ್ ತೆಗೆದುಕೊಳ್ಳಲಿ.

ಅಮೆರಿಕದಿಂದ ತಂದುಕೊಡುವ ಬಂಧುಗಳಿದ್ದರೆ ಇನ್ನೊಂದು ಮಾತು. ಬ್ಯಾಂಜೊ ತಂತಿಯ ತುದಿಯಲ್ಲಿ ಗಿಟಾರಿನಂತೆ ಗುಂಡು ಇರುವುದಿಲ್ಲ, ಕುಣಿಕೆ ಇರುತ್ತದೆ. ಗಿಟಾರ್ ತಂತಿಯ ಗುಂಡನ್ನು ಇಕ್ಕಳದಿಂದ ಒಡೆದು ತೆಗೆದು ಬಳಸುವವರಿದ್ದಾರೆ, ಆದರೆ ಅದು ಆಪತ್ಕಾಲಕ್ಕೆ. ವಾದ್ಯದ ಜೊತೆಗೇ ಕುಣಿಕೆ ತಂತಿಯ ನಾಲ್ಕಾರು ಸೆಟ್, ಒಂದು ಹೆಚ್ಚುವರಿ ಕುದುರೆ, ಕೊಕ್ಕೆಯ ನಟ್ಟು ತಿರುಗಿಸುವ ಪಾನಾ ತರಲು ಹೇಳಿ. ಇವು ಮೂರೂ ನಮ್ಮೂರಿನ ವಾದ್ಯದಂಗಡಿಗಳಲ್ಲಿ ಸುಲಭಕ್ಕೆ ಸಿಗುವುದಿಲ್ಲ.