ಬೆಂಕಿಪೊಟ್ಟಣದಷ್ಟು ಚಿಕ್ಕ ಪತ್ರಿಕೆ



ನಮ್ಮ ಗೋಡೆ ಪತ್ರಿಕೆಗೆ ಕಥೆ, ಕವನ ಕೊಡಿ ಎಂದು ಕೇಳಿದರೆ ಎರಡು ಉತ್ತರ ಬರುತ್ತವೆ. “ನಂಗೆ ಬರೆಯೋಕೆ ಬರಲ್ಲ” ಅನ್ನೋದು ಒಂದು. “ಪೇಪರಿನಲ್ಲಿ ಬಂದಿರೋದನ್ನ ಬರ್ಕೊಂಡು ಬರ್ಲಾ?” ಅನ್ನೋದು ಇನ್ನೊಂದು. ಹಾಗಂತ ಸ್ವಂತ ಬರೆಯುವವರು ನಮ್ಮಲ್ಲಿ ಇಲ್ಲವೆಂದಲ್ಲ. ಕೆಲವರ ನೋಟ್‌ಬುಕ್ಕಿನ ಕೊನೆಯ ಹಾಳೆಗಳಲ್ಲಿ ಪದ್ಯಗಳಿವೆ. ನೋಡಲು ಹೋದರೆ ಕೈ ಅಡ್ಡ ಇಡುತ್ತಾರೆ. ಎಲ್ಲರೂ ನಗುತ್ತಾರೆ ಎಂಬ ಹೆದರಿಕೆ. ಅಂಥವರಿಗಾಗಿ ಈ ಲೇಖನ. ಸುಮಾರು 200 ವರ್ಷಗಳ ಹಿಂದೆ ನಮ್ಮ ವಯಸ್ಸಿನ ಮಕ್ಕಳು ಕೈಯಲ್ಲೇ ಬರೆದು ಒಂದು ಪತ್ರಿಕೆ ನಡೆಸಿದರು. ಅದರ ವಿಷಯ ತಿಳಿಸುತ್ತೇನೆ.

ಆ ಮಕ್ಕಳು ಯಾರು?

ಇಂಗ್ಲೆಂಡ್ ದೇಶದ ಯಾರ್ಕ್‌ಷೈರ್ ಪ್ರಾಂತ್ಯದಲ್ಲಿ ಹಾವರ್ತ್ ಎಂಬ ಊರಿದೆ. ಅಲ್ಲಿನ ಚರ್ಚಿನಲ್ಲಿ ಪ್ಯಾಟ್ರಿಕ್ ಬ್ರಾಂಟಿ ಎಂಬ ಪಾದ್ರಿ ಇದ್ದರು. ಅವರಿಗೆ ಆರು ಮಕ್ಕಳು. 1821ರಲ್ಲಿ ಮಕ್ಕಳ ತಾಯಿ ತೀರಿಕೊಂಡರು. 1825ರಲ್ಲಿ ದೊಡ್ಡ ಹೆಣ್ಣುಮಕ್ಕಳಿಬ್ಬರು ಕ್ಷಯರೋಗದಿಂದ ತೀರಿಹೋದರು. ಉಳಿದವರು ನಾಲ್ವರು: ಷಾರ್ಲಟ್, ಬ್ರಾನ್‌ವೆಲ್, ಎಮಿಲಿ ಮತ್ತು ಆ್ಯನ್. ಬ್ರಾನ್‌ವೆಲ್ ಒಬ್ಬನೇ ಹುಡುಗ. ತಾಯಿಯ ಅಕ್ಕ, ಅಂದರೆ ದೊಡ್ಡಮ್ಮ, ಇವರನ್ನು ಸಾಕಿದರು. ಅಡಿಗೆ ಮನೆಯಲ್ಲಿ ಟ್ಯಾಬಿ ಎಂಬ ಕೆಲಸದ ಹೆಂಗಸು ಹಳ್ಳಿಯ ಕಥೆಗಳನ್ನು ಹೇಳುತ್ತಿದ್ದರು.

1826ರಲ್ಲಿ ತಂದೆಯವರು ಬ್ರಾನ್‌ವೆಲ್‌ಗೆ 12 ಮರದ ಸಿಪಾಯಿಗಳ ಪೆಟ್ಟಿಗೆ ತಂದುಕೊಟ್ಟರು. ಮಕ್ಕಳು ಒಬ್ಬೊಬ್ಬರು ಒಂದೊಂದು ಸಿಪಾಯಿಗೆ ಹೆಸರಿಟ್ಟರು. ಸಿಪಾಯಿಗಳಿಗೆ ಊರು ಬಂತು, ರಾಜ್ಯ ಬಂತು, ಯುದ್ಧವೂ ಬಂತು. ರಾಜ್ಯ ಇದ್ದಮೇಲೆ ಅಲ್ಲಿನವರಿಗೆ ಓದಲು ಪತ್ರಿಕೆ ಬೇಡವೇ? 1829ರ ಜನವರಿಯಲ್ಲಿ ಬ್ರಾನ್‌ವೆಲ್ ಪತ್ರಿಕೆ ಶುರು ಮಾಡಿದ. ಆಗ ಅವನಿಗೆ 11 ವರ್ಷ. ಅದೇ ವರ್ಷ ಅಕ್ಕ ಷಾರ್ಲಟ್ ಸಂಪಾದಕಿಯಾದಳು. ಅವಳಿಗೆ 13 ವರ್ಷ. ಅಂದರೆ ನಮ್ಮ ಏಳನೇ ತರಗತಿಯ ವಯಸ್ಸು!

ಪತ್ರಿಕೆ ಹೇಗಿತ್ತು?

1830ರ ಒಂದು ಸಂಚಿಕೆಯ ಅಳತೆ 35 ಮಿಲಿಮೀಟರ್ ಅಗಲ, 61 ಮಿಲಿಮೀಟರ್ ಉದ್ದ. ಸ್ಕೇಲ್ ಇಟ್ಟು ನೋಡಿ, ಹೆಚ್ಚು ಕಡಿಮೆ ಬೆಂಕಿಪೊಟ್ಟಣದಷ್ಟೇ ಆಗುತ್ತದೆ. ಅಷ್ಟರಲ್ಲಿ 20 ಪುಟ. 4,000ಕ್ಕಿಂತ ಹೆಚ್ಚು ಪದಗಳು! ಈ ಲೇಖನದಂಥ ಐದು ಲೇಖನ ಒಂದು ಬೆಂಕಿಪೊಟ್ಟಣದಲ್ಲಿ ತುಂಬಿದ ಹಾಗಾಯಿತು.

ಯಾಕಿಷ್ಟು ಚಿಕ್ಕದು? ಮರದ ಸಿಪಾಯಿಗಳು ಹಿಡಿದು ಓದಬೇಕಲ್ಲ, ಅದಕ್ಕೆ. ಆಗ ಕಾಗದವೂ ದುಬಾರಿ. ಸಕ್ಕರೆ ಕಟ್ಟಿದ ಕಾಗದ, ಇನ್ಯಾವುದೋ ತುಂಡು ಕಾಗದ, ಏನು ಸಿಕ್ಕಿದರೂ ಕತ್ತರಿಸಿ ಸೂಜಿ ದಾರದಿಂದ ಹೊಲಿಯುತ್ತಿದ್ದರು. ಅಚ್ಚಿನ ಅಕ್ಷರದಂತೆ ಕಾಣುವ ಹಾಗೆ ಬರೆಯುತ್ತಿದ್ದರು. ಇನ್ನೊಂದು ಲಾಭವೂ ಇತ್ತು. ಅಷ್ಟು ಸಣ್ಣ ಅಕ್ಷರ ದೊಡ್ಡವರ ಕಣ್ಣಿಗೆ ಸುಲಭವಾಗಿ ಕಾಣುತ್ತಿರಲಿಲ್ಲ!

ಸ್ವಂತ ಎಂದರೇನು?

ಪತ್ರಿಕೆಯ ಹೆಸರು, ರೂಪ ಅವರ ಸ್ವಂತದ್ದಲ್ಲ. ಆ ಕಾಲದಲ್ಲಿ ‘ಬ್ಲ್ಯಾಕ್‌ವುಡ್ಸ್’ ಎಂಬ ದೊಡ್ಡವರ ಪತ್ರಿಕೆ ಇತ್ತು. ಅದನ್ನು ನೋಡಿ ಇವರೂ ಕಥೆ, ಕವನ, ಜಾಹೀರಾತು ಹಾಕಿದರು. ಆದರೆ ಒಳಗೆ ತುಂಬಿದ್ದೆಲ್ಲ ಅವರದೇ. ಮಡಕೆ ಬೇರೆಯವರದ್ದು, ನೀರು ಸ್ವಂತ ಬಾವಿಯದು ಎನ್ನಬಹುದು. ಪೇಪರ್ ನೋಡಿ ಹೇಗೆ ಬರೆಯಬೇಕೆಂದು ಕಲಿಯುವುದು ತಪ್ಪಲ್ಲ. ಅದರಲ್ಲಿರೋದನ್ನೇ ಇಳಿಸಿಕೊಂಡು ಕೆಳಗೆ ನಮ್ಮ ಹೆಸರು ಬರೆದರೆ ಅದು ನಮ್ಮದಾಗುವುದಿಲ್ಲ.

ಕಾಗುಣಿತ ತಪ್ಪಿದರೆ?

1829ರಲ್ಲಿಯೇ ಷಾರ್ಲಟ್ 10 ಪದ್ಯಗಳ ಒಂದು ಪುಟ್ಟ ಪುಸ್ತಕ ಮಾಡಿದಳು. ಇಸ್ಪೀಟೆಲೆಗಿಂತ ಚಿಕ್ಕದು. ಅದರ ಹೆಸರಿನಲ್ಲೇ ‘ರೈಮ್ಸ್’ ಎಂಬ ಇಂಗ್ಲಿಷ್ ಪದದ ಅಕ್ಷರಗಳು ಹಿಂದುಮುಂದಾಗಿವೆ. ಇವು ಅಷ್ಟೇನೂ ಚೆನ್ನಾಗಿಲ್ಲ, ಆದರೂ ನನ್ನ ಕೈಲಾದಷ್ಟು ಚೆನ್ನಾಗಿ ಬರೆದಿದ್ದೇನೆ ಎಂಬ ಅರ್ಥದ ಮಾತನ್ನೂ ಅವಳೇ ಸೇರಿಸಿದ್ದಾಳೆ. 1916ರಲ್ಲಿ ಹರಾಜಾದ ಮೇಲೆ ಆ ಪುಸ್ತಕ ನೂರು ವರ್ಷಕ್ಕೂ ಹೆಚ್ಚು ಕಾಲ ಜನರ ಕಣ್ಣಿಗೆ ಬೀಳಲಿಲ್ಲ. 2022ರಲ್ಲಿ ಹನ್ನೆರಡೂವರೆ ಲಕ್ಷ ಡಾಲರಿಗೆ, ಅಂದರೆ 9 ಕೋಟಿ ರೂಪಾಯಿಗೂ ಹೆಚ್ಚು ಹಣಕ್ಕೆ, ಅದನ್ನು ಕೊಂಡು ಹಾವರ್ತಿನ ಮ್ಯೂಸಿಯಂಗೆ ಕೊಟ್ಟರು. ಆ ಮಕ್ಕಳು ಬೆಳೆದ ಮನೆಯೇ 1928ರಿಂದ ಮ್ಯೂಸಿಯಂ ಆಗಿದೆ.

ನಮ್ಮಲ್ಲಿ ಏನಾಯಿತು? ಒಬ್ಬಳ ಪದ್ಯದಲ್ಲಿ ‘ಹಕ್ಕಿ’ ಎಂಬ ಪದಕ್ಕೆ ಒತ್ತು ಬಿಟ್ಟುಹೋಗಿತ್ತು. ಒಂದು ವಾರ “ಹಕಿ, ಹಕಿ” ಎಂದು ರೇಗಿಸಿದರು. ಆಮೇಲೆ ಅವಳು ಪದ್ಯ ಕೊಡಲೇ ಇಲ್ಲ. ಹಕ್ಕಿ ಬೇಲಿ ಮೇಲೆ ಕೂತು ಮಳೆಗೆ ಕಾಯುವುದನ್ನು ಅವಳು ಎಷ್ಟು ಚೆನ್ನಾಗಿ ಬರೆದಿದ್ದಳು! ಅದನ್ನು ಯಾರೂ ಹೇಳಲಿಲ್ಲ. ಒತ್ತನ್ನು ಒಂದು ನಿಮಿಷದಲ್ಲಿ ತಿದ್ದಬಹುದು. ನಿಂತುಹೋದ ಪದ್ಯಗಳನ್ನು ಎಲ್ಲಿಂದ ತರೋದು?

ಮುಂದೆ ಏನಾಯಿತು?

ಷಾರ್ಲಟ್‌ಗೆ 20 ವರ್ಷವಾದಾಗ ತನ್ನ ಪದ್ಯಗಳನ್ನು ರಾಬರ್ಟ್ ಸೌದಿ ಎಂಬ ಆಸ್ಥಾನಕವಿಗೆ ಕಳಿಸಿದಳು. ಸಾಹಿತ್ಯ ಹೆಣ್ಣಿನ ಬದುಕಿನ ಕೆಲಸವಲ್ಲ ಎಂಬ ಅರ್ಥದಲ್ಲಿ ಅವರು 1837ರಲ್ಲಿ ಉತ್ತರ ಬರೆದರು. ಅವಳು ಬರೆಯುವುದನ್ನು ಬಿಡಲಿಲ್ಲ. 1846ರಲ್ಲಿ ಅಕ್ಕ ತಂಗಿಯರು ಮೂವರೂ ಸೇರಿ, ಹೆಣ್ಣೋ ಗಂಡೋ ಗೊತ್ತಾಗದಂಥ ಹೆಸರುಗಳನ್ನಿಟ್ಟುಕೊಂಡು, ಸ್ವಂತ ಹಣದಿಂದ ಕವನಗಳನ್ನು ಅಚ್ಚು ಹಾಕಿಸಿದರು. ಮೊದಲ ವರ್ಷ ಮಾರಾಟವಾದದ್ದು ಎರಡೇ ಪ್ರತಿ! ಮರುವರ್ಷ 1847ರಲ್ಲಿ ಷಾರ್ಲಟ್‌ಳ ‘ಜೇನ್ ಐರ್’, ಎಮಿಲಿಯ ‘ವುದರಿಂಗ್ ಹೈಟ್ಸ್’, ಆ್ಯನ್‌ಳ ‘ಆಗ್ನೆಸ್ ಗ್ರೇ’ ಕಾದಂಬರಿಗಳು ಬಂದವು. ಇಂದಿಗೂ ಅವುಗಳನ್ನು ಜನ ಓದುತ್ತಾರೆ. 1830ರ ಪುಟ್ಟ ಪತ್ರಿಕೆಯಲ್ಲಿ ಮಂಚದ ಪರದೆಗೆ ಬೆಂಕಿ ಹತ್ತುವ ಸನ್ನಿವೇಶವಿದೆ. ‘ಜೇನ್ ಐರ್’ನಲ್ಲೂ ಮಂಚದ ಪರದೆಗೆ ಬೆಂಕಿ ಬೀಳುತ್ತದೆ. 14ನೇ ವಯಸ್ಸಿನಲ್ಲಿ ಬಿತ್ತಿದ್ದು 17 ವರ್ಷದ ಮೇಲೆ ಫಲ ಕೊಟ್ಟಿತು.

ಬರೆದವರೆಲ್ಲ ಹೆಸರುವಾಸಿಯಾಗುತ್ತಾರೆ ಎಂದು ನಾನು ಹೇಳುತ್ತಿಲ್ಲ. ಪತ್ರಿಕೆ ಶುರು ಮಾಡಿದ ಬ್ರಾನ್‌ವೆಲ್‌ಗೇ ಅಂಥ ಹೆಸರು ಬರಲಿಲ್ಲ. ಆದರೆ ನಾಲ್ವರೂ ಒಬ್ಬರದನ್ನು ಒಬ್ಬರು ಓದಿದರು. ಓದುವವರು ಇದ್ದದ್ದರಿಂದ ಬರೆಯುವ ಆಸೆ ಬೆಳೆಯಿತು.

ಆದ್ದರಿಂದ ಸ್ನೇಹಿತರೇ, ಕೆರೆ ಕೋಡಿ ಬಿದ್ದದ್ದು, ಸಂತೆಯಲ್ಲಿ ಎತ್ತು ಮಾರಿದ್ದು, ಅಜ್ಜಿಯ ಜಗಳ, ಯಾವುದಾದರೂ ಸರಿ, ನಿಮ್ಮದೇ ಮಾತಿನಲ್ಲಿ ಬರೆಯಿರಿ. ಓದುವವರು ತಪ್ಪು ಹುಡುಕುವ ಮೊದಲು ಇಷ್ಟವಾದ ಒಂದು ಸಾಲನ್ನು ಬರೆದವರಿಗೆ ಹೇಳಿ.

ಗುರುಗಳಲ್ಲಿ ಒಂದು ಅರಿಕೆ. ಹೊಸ ಹಾಳೆ ಅಂಟಿಸುವಾಗ ಹಳೇ ಹಾಳೆಗಳನ್ನು ಹರಿದು ಕಸದ ಬುಟ್ಟಿಗೆ ಹಾಕುತ್ತಿದ್ದೇವೆ. ಬ್ರಾಂಟಿ ಮಕ್ಕಳ ಪತ್ರಿಕೆಯನ್ನು ಯಾರೋ ಎತ್ತಿಟ್ಟಿದ್ದರಿಂದ ತಾನೇ ಇಂದು ನಮಗೆ ಅದರ ವಿಷಯ ತಿಳಿಯಿತು? ನಮ್ಮ ಹಾಳೆಗಳನ್ನೂ ಜೋಪಾನವಾಗಿ ಬಿಡಿಸಿ, ಹೊಲಿದು, ಪುಸ್ತಕದ ಬೀರುವಿನಲ್ಲಿ ಇಡಲು ಅಪ್ಪಣೆ ಕೊಡಬೇಕು. ದಬ್ಬಣ, ದಾರ ನಾನು ಮನೆಯಿಂದ ತರುತ್ತೇನೆ.

— 7ನೇ ತರಗತಿಯ ವಿದ್ಯಾರ್ಥಿನಿ